ಕೊರಡಿನ ಕೆಳಗಿನ ರಾಗಿ

ಮೂಳೆ ಡಾಕ್ಟರು ನನ್ನ ಬ್ಲಡ್ ರಿಪೋರ್ಟನ್ನು ಕನ್ನಡಕದ ಮೇಲಿಂದ ನೋಡಿ, "ಕ್ಯಾಲ್ಸಿಯಂ ತುಂಬಾ ಕಮ್ಮಿ ಇದೆಯಲ್ಲಮ್ಮ. ಮಾತ್ರೆ ಬರ್ಕೊಡ್ತೀನಿ. ಜೊತೆಗೆ ಮೊಳಕೆ ರಾಗಿ ಮಾಲ್ಟ್ ಕುಡೀರಿ. ಅಂಗಡೀದು ಬೇಡ, ಮನೇಲೇ ಮಾಡ್ಕೊಳ್ಳಿ" ಎಂದರು. ಈ ವಯಸ್ಸಿನಲ್ಲಿ ಡಾಕ್ಟರಿಗೆ ಎದುರು ಹೇಳುವಷ್ಟು ಎನರ್ಜಿ ಯಾರಿಗಿದೆ? ಒಂದು ಪಾವು ರಾಗಿ ತೊಳೆದು, ನೆನೆಹಾಕಿ, ಹಳೆಯ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ ಅಡುಗೆಮನೆಯ ಮೂಲೆಯಲ್ಲಿಟ್ಟೆ. ಇಟ್ಟವಳು ಮರೆತೆ.

ನೆನಪಿಸಿದ್ದು ವಾಸನೆ. ಒದ್ದೆ ಬಟ್ಟೆಯ ಮುಗ್ಗಲು, ಸ್ವಲ್ಪ ಹುಳಿ, ಅದರ ಅಡಿಯಲ್ಲೆಲ್ಲೋ ಹಸಿ ಹುಲ್ಲು. ಗಂಟು ಹಿಡಿದೆತ್ತಿದರೆ ಬೇರುಗಳು ಬಟ್ಟೆಯನ್ನೇ ತೂರಿಕೊಂಡು ಹೊರಗೆ ಬಂದಿದ್ದವು, ಮುದುಕಿಯ ಗದ್ದದ ಕೂದಲಿನಂತೆ. ಮಾಲ್ಟಿಗೆ ಇನ್ನು ಬಾರದು. ಬಿಸಾಡಬೇಕು. ಆದರೆ ಗಂಟನ್ನು ಮೂಗಿಗೆ ಹಿಡಿದುಕೊಂಡು ಸುಮ್ಮನೆ ನಿಂತೆ… ಒಂದು ಕಾಲದಲ್ಲಿ ನಮ್ಮ ಮನೆಯ ಮಹಡಿ ಮೆಟ್ಟಿಲು ಪೂರ್ತಿ ಹೀಗೇ ನಾರುತ್ತಿತ್ತು. ಮೇಡಂ ಇದ್ದಾಗ.

ಮೇಡಂ ಎಂದರೆ ನಮ್ಮ ಬಸವೇಶ್ವರನಗರದ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದವರು. ಮದುವೆಯಾಗಿರಲಿಲ್ಲ. ಊರಾಚೆಯ ಒಂದು ರಿಸರ್ಚ್ ಸಂಸ್ಥೆಯಲ್ಲಿ ಸಸ್ಯವಿಜ್ಞಾನಿ. ಪಿಎಚ್‌ಡಿ ಮಾಡುವ ಹುಡುಗ ಹುಡುಗಿಯರಿಗೆ ಗೈಡ್. ಕುಳ್ಳಗೆ, ಕಡ್ಡಿಯಂತೆ ಇದ್ದರು. ಗಂಜಿ ಹಾಕಿದ ಕಾಟನ್ ಸೀರೆಯ ಅಂಚು ಕತ್ತಿಯ ಹಾಗೆ ನಿಂತಿರುತ್ತಿತ್ತು. ವಾಚನ್ನು ಮಣಿಕಟ್ಟಿನ ಒಳಗಡೆ ಕಟ್ಟುತ್ತಿದ್ದರು, ಬೇರೆಯವರು ನಮ್ಮ ಟೈಮ್ ನೋಡಬಾರದು ಎನ್ನುತ್ತ. ಮನೆ ನೋಡಲು ಬಂದ ದಿನವೇ ನಮ್ಮ ಹಾಲಿನ ಮನಿಪ್ಲಾಂಟ್ ಕಡೆ ಬೆರಳು ತೋರಿಸಿ, "ಇಷ್ಟು ಕೊಬ್ಬಿದ ಗಿಡ ನಾ ನೋಡಿಲ್ಲ. ಪೂರ್ ಥಿಂಗ್" ಎಂದರು. ಅಡ್ವಾನ್ಸ್ ಮಾತು ಆಮೇಲೆ.

ನನಗೆ ಅವರು ಅಂದೇ ಇಷ್ಟವಾದರು. ನಾನೂ ಕಾನ್ವೆಂಟಿನವಳು, ಅವರು ಹುಬ್ಬಳ್ಳಿ ಕಡೆಯ ಬೋರ್ಡಿಂಗಿನಲ್ಲಿ ನನ್‌ಗಳ ಕೈಯಲ್ಲಿ ಬೆಳೆದವರು. ಕನ್ನಡ ಮಾತಾಡಿದ್ದಕ್ಕೆ ಇಬ್ಬರ ಬೆರಳಿಗೂ ಮರದ ರೂಲರ್ ಬಿದ್ದಿತ್ತು. ಮದುವೆಯಾದ ಮೇಲೆ ನನ್ನ ಇಂಗ್ಲಿಷು ಬೀರುವಿನ ಮೇಲಿನ ಡಿನ್ನರ್ ಸೆಟ್ ಆಗಿಬಿಟ್ಟಿತ್ತು, ಯಾರೂ ಇಳಿಸುತ್ತಿರಲಿಲ್ಲ. ಸಂಜೆಯ ಕಾಫಿಗೆ ಮೇಡಂ ಇಳಿದು ಬಂದರೆ ಅದು ಹೊರಗೆ ಬರುತ್ತಿತ್ತು. ಅವರು ಇಡೀ ರಸ್ತೆಯ ಮೇಲೆ ಒಂದೊಂದು ಕಾಮೆಂಟ್ ಬಿಡುತ್ತಿದ್ದರು, ನಾನು ಕಣ್ಣಲ್ಲಿ ನೀರು ಬರುವ ತನಕ ನಗುತ್ತಿದ್ದೆ. ನಮ್ಮವರು ಆಗ ಇನ್ನೂ ಇದ್ದರು. "ನಿಮ್ಮ ಮೇಡಂ ಮೇಲ್ಗಡೆ ಇರೋತನಕ ಈ ಮನೆಗೆ ದೃಷ್ಟಿಗೊಂಬೆ ಬೇಕಾಗಿಲ್ಲ ಕಣೇ" ಎನ್ನುತ್ತಿದ್ದರು.

ಅವರ ಕೆಲಸವೇನು ಎಂದು ನಾನು ಕೇಳಿದ್ದು ಒಂದು ಸಂಜೆ, ಹಾಲು ಕಾಯಿಸುತ್ತ. ಮೇಡಂ ಲ್ಯಾಪ್‌ಟಾಪನ್ನು ಅಡುಗೆಕಟ್ಟೆಯ ಮೇಲಿಟ್ಟು ಯಾವುದೋ ವಿದೇಶದ ಲ್ಯಾಬಿನ ವಿಡಿಯೋ ತೋರಿಸಿದರು. ಕತ್ತಲಲ್ಲಿ ಒಂದು ಪುಟ್ಟ ಗಿಡ. ಇಕ್ಕಳ ಬಂದು ಒಂದು ಎಲೆಯನ್ನು ಚಿವುಟಿತು. ಚಿವುಟಿದ ಜಾಗದಿಂದ ಹಸಿರು ಬೆಳಕೊಂದು ಎದ್ದು, ದೇಟಿನಲ್ಲಿ ಹರಿದು, ಆಚೆ ಬದಿಯ ಎಲೆಗಳ ತುದಿಯ ತನಕ ಹೋಯಿತು. ನನ್ನ ಮೈ ಜುಮ್ಮೆಂದಿತು.

"ಅಯ್ಯೋ, ಅದಕ್ಕೆ ನೋವಾಗುತ್ತಾ?"

"ಡೋಂಟ್ ಬಿ ಸೆಂಟಿಮೆಂಟಲ್ ಅಕ್ಕಾ. ನೋವಲ್ಲ ಅದು, ಸುದ್ದಿ. ಹೊಳೀತಾ ಇರೋದು ಕ್ಯಾಲ್ಸಿಯಂ."

ಆಮೇಲೆ ಅವರು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಗಿಡಕ್ಕೆ ಓಡಿಹೋಗಲು ಕಾಲಿಲ್ಲ. ಬರ ಬಂದರೂ, ಉಪ್ಪುನೀರು ಬಂದರೂ, ಚಳಿ ಬಂದರೂ ನಿಂತಲ್ಲೇ ನಿಲ್ಲಬೇಕು. ಹಾಗಾಗಿ ಅದಕ್ಕೆ ಮೊದಲು ಬೇಕಾದ್ದು ಸುದ್ದಿ. ಕ್ಯಾಲ್ಸಿಯಂ ಜೀವಕೋಶದ ಹೊರಗೆ ಮತ್ತು ಅದರ ಉಗ್ರಾಣಗಳಲ್ಲಿ ರಾಶಿ ಬಿದ್ದಿರುತ್ತದಂತೆ. ನಡುಮನೆಯಲ್ಲಿ ಮಾತ್ರ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಕಷ್ಟ ತಾಗಿದ ಕ್ಷಣ ಬಾಗಿಲುಗಳು ತೆರೆದು ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಎಷ್ಟು ಏರಿತು, ಎಷ್ಟು ಸಲ ಏರಿ ಇಳಿಯಿತು ಎನ್ನುವುದರಲ್ಲೇ ಕೋಶಕ್ಕೆ ತಿಳಿಯುತ್ತದೆ, ಬಂದಿರುವುದು ಬಾಯಾರಿಕೆಯೋ ಚಳಿಯೋ ಅಂತ. ಎಲೆಯ ರಂಧ್ರ ಮುಚ್ಚಿಕೊಳ್ಳುತ್ತದೆ, ಬೇರು ಆಳಕ್ಕೆ ಹೊರಡುತ್ತದೆ.

"ಆದ್ರೆ ಒಳಗೆ ಬಂದಿದ್ದನ್ನ ಕೂಡ್ಲೇ ಹೊರಗೆ ಹಾಕ್ಬೇಕು. ಅದಕ್ಕೇ ಪಂಪ್‌ಗಳಿವೆ. ಹೊರಗೆ ಹಾಕ್ಲಿಲ್ಲ ಅಂದ್ರೆ, ಸುದ್ದಿ ತಂದವನೇ ಮನೆಯವರನ್ನ ಕೊಲ್ತಾನೆ."

ಅಷ್ಟರಲ್ಲಿ ಹಾಲು ಉಕ್ಕಿ ಸ್ಟೌ ಮೇಲೆಲ್ಲ ಹರಿಯಿತು. ನಾನು ಉರಿ ಆರಿಸಿದೆ. ಮೇಡಂ ಕೈ ತಟ್ಟಿದರು. "ಎಕ್ಸಾಕ್ಟ್ಲಿ! ಉಕ್ಕೋದು ಸುದ್ದಿ, ನೀವು ಪಂಪು." ಎಷ್ಟು ವರ್ಷದ ಮೇಲೆ ಒಬ್ಬರು ನನಗೆ ಯಾವುದಕ್ಕಾದರೂ ಎಕ್ಸಾಕ್ಟ್ಲಿ ಎಂದಿದ್ದರು…

ರಾಗಿಯ ಕಥೆ ಬಂದದ್ದು ಅದಾದ ಮೇಲೆ. ಮೇಡಂ ಅವರದು ಹಾವೇರಿ ಕಡೆಯ ಹಳ್ಳಿ. ಅಲ್ಲಿ ಗುಳಿ ತೋಡಿ ರಾಗಿ ಸಸಿ ನೆಡುತ್ತಾರೆ. ಸಸಿ ಹಿಡಿದುಕೊಂಡು ಇನ್ನೇನು ನೆಟ್ಟಗೆ ನಿಂತಿತು ಎನ್ನುವಾಗ ಎತ್ತಿನ ಹಿಂದೆ ಒಂದು ಮರದ ದಿಂಡನ್ನು ಕಟ್ಟಿ ಇಡೀ ಹೊಲದ ಮೇಲೆ ಎಳೆಯುತ್ತಾರೆ. ಅದಕ್ಕೆ ಕೊರಡು ಎನ್ನುತ್ತಾರೆ. ಸಸಿಗಳೆಲ್ಲ ನೆಲಕ್ಕೆ ಮಲಗುತ್ತವೆ. ಮೇಡಂ ಮೊದಲ ಸಲ ಅದನ್ನು ಕಂಡಾಗ ಬದುವಿನ ಮೇಲೆ ಕೂತು ಗೊಳೋ ಎಂದು ಅತ್ತರಂತೆ. ಅಪ್ಪ ಎತ್ತು ನಿಲ್ಲಿಸಿ ನಕ್ಕರಂತೆ. "ಅಳಬ್ಯಾಡ ಮಗಳ. ನಾಕ ದಿನ ತಡಿ, ಹ್ಯಾಂಗ ಏಳ್ತೈತಿ ನೋಡೀಯಂತ." ಮಲಗಿದ ರಾಗಿ ಎದ್ದಿತು. ಬರೇ ಏಳಲಿಲ್ಲ; ಬುಡದಿಂದ ಹತ್ತಾರು ತೆಂಡೆ, ಅಂದರೆ ಮರಿಚಿಗುರು, ಒಡೆದು, ಒಂದು ಸಸಿಯಿದ್ದಲ್ಲಿ ಒಂದು ಪೊದೆಯಾಯಿತು. ಆ ವರ್ಷದ ತೆನೆ ಮುಷ್ಟಿಗಾತ್ರವಿತ್ತಂತೆ.

"ಎಲ್ಲಾನೂ ಎದ್ವಾ?" ಎಂದು ಕೇಳಿದೆ.

"ಎಲ್ಲಾ ಎಲ್ಲಿ ಏಳ್ತಾವೆ."

"ಏಳದೇ ಇದ್ದದ್ದು?"

"ಮ್ಯಾನ್ಯೂರ್" ಎಂದರು ಮೇಡಂ, ಕಾಫಿ ಕುಡಿಯುತ್ತ. ಗೊಬ್ಬರ ಎನ್ನಲೂ ಅವರಿಗೆ ಇಂಗ್ಲಿಷೇ ಬೇಕು.

ಒಂದು ಮಾತನ್ನು ಮಾತ್ರ ಅಪ್ಪ ಎಚ್ಚರಿಸಿ ಹೇಳುತ್ತಿದ್ದರಂತೆ. ನೆಲದಲ್ಲಿ ಹಸಿ ಇರುವಾಗಲೇ ಕೊರಡು ಹೊಡೆಯಬೇಕು. ಸಸಿ ಗೆಣ್ಣು ಕಟ್ಟಿದ ಮೇಲೆ ಹೊಡೆಯಲೇಬಾರದು. ಆಮೇಲೆ ಅದು ಬಾಗುವುದಿಲ್ಲ, ಮುರಿಯುತ್ತದೆ. ಈ ಮಾತನ್ನು ನನಗೆ ಹೇಳಿದವರು ಮೇಡಂ ಅವರೇ. ಅದನ್ನು ಇಲ್ಲಿ ಬರೆದಿಡಬೇಕು.

ಅವರ ರಿಸರ್ಚಿನ ಬೇರು ಆ ಬದುವಿನ ಮೇಲೇ ಇತ್ತು ಅನ್ನಿಸುತ್ತದೆ. ಎಳೆ ರಾಗಿಗೆ ಸ್ವಲ್ಪ ಪೆಟ್ಟು, ಸ್ವಲ್ಪ ಬಾಯಾರಿಕೆ ಕೊಟ್ಟು, ಮತ್ತೆ ನೀರು ಕೊಟ್ಟು ಚೇತರಿಸಿಕೊಳ್ಳಲು ಬಿಟ್ಟರೆ, ಮುಂದೆ ನಿಜವಾದ ಬರ ಬಂದಾಗ ಅದರ ಕ್ಯಾಲ್ಸಿಯಂ ಬೇಗ ಏಳುತ್ತದೆಯೇ, ಗಿಡ ಉಳಿಯುತ್ತದೆಯೇ. ಇದನ್ನು ನೋಡುವ ಕೆಲಸವನ್ನು ಒಬ್ಬ ವಿದ್ಯಾರ್ಥಿನಿಗೆ ಕೊಟ್ಟಿದ್ದರು. ಸಂಸ್ಥೆಯ ಗಿಡದ ಮನೆ ರಿಪೇರಿಗೆ ಬಿದ್ದು ವರ್ಷವಾಗಿತ್ತು. "ನಿಮ್ಮ ಟೆರೇಸ್ ಕೊಡಿ ಅಕ್ಕಾ, ಸೈನ್ಸ್‌ಗೆ" ಎಂದರು. ಕೊಟ್ಟೆ. ಪಾಲಿಥೀನ್ ಚಪ್ಪರದ ಕೆಳಗೆ ಟ್ರೇಗಳು ಸಾಲು ನಿಂತವು. ಮೊಳಕೆ ವಾಸನೆ ಮೆಟ್ಟಿಲಿಳಿದು ನಮ್ಮ ದೇವರಮನೆಯ ತನಕ ಬಂತು.

ಆ ಹುಡುಗಿ ಲಗ್ಗೆರೆಯವಳು. ಅಪ್ಪ ಪೀಣ್ಯದಲ್ಲಿ ಪವರ್ ಪ್ರೆಸ್ ಆಪರೇಟರ್. ಬೆಳಿಗ್ಗೆ ಬೇಗ ಬಸ್ಸಿಳಿದು, ಲ್ಯಾಬಿಗೆ ಹೋಗುವ ಮುಂಚೆ ಟೆರೇಸಿಗೆ ಬರುತ್ತಿದ್ದಳು. ಮೇಡಂ ಕೊಟ್ಟಿದ್ದ, ಲಟ್ಟಣಿಗೆಯಂತೆ ದುಂಡಗಿದ್ದ ಮರದ ಉರುಟು ರೂಲರ್ ತೆಗೆದುಕೊಂಡು ಅರ್ಧ ಟ್ರೇಗಳ ಸಸಿಗಳನ್ನು ಮೆಲ್ಲಗೆ ಒತ್ತಿ ಮಲಗಿಸುತ್ತಿದ್ದಳು. ಉಳಿದರ್ಧ ಟ್ರೇಗಳು ಸುಖವಾಗಿ ಬೆಳೆಯುತ್ತಿದ್ದವು. ಬಟ್ಟೆ ಒಣಹಾಕಲು ಹೋದಾಗ ನಾನು ನಿಂತು ನೋಡುತ್ತಿದ್ದೆ.

"ಆಂಟಿ, ನಮ್ಮಪ್ಪ ಕೇಳ್ತಾರೆ, ಏನಮ್ಮ, ಹುಲ್ಲು ಸವರೋದಕ್ಕೂ ಡಾಕ್ಟರ್ ಅಂತಾರಾ ಅಂತ" ಎಂದು ನಗುತ್ತಿದ್ದಳು. ಮುಂದಿನ ಹಲ್ಲಿನ ಮೇಲೆ ಇನ್ನೊಂದು ಪುಟ್ಟ ಹಲ್ಲು. ನಕ್ಕರೆ ಅದೇ ಮೊದಲು ನಗುತ್ತಿತ್ತು.

ಮೇಡಂ ಅವಳನ್ನು ಹೇಗೆ ಆಡಿಸುತ್ತಿದ್ದರು ಎಂದು ಹೇಳಿದರೆ ನೀವು ನಂಬಲಿಕ್ಕಿಲ್ಲ. ಕೂರು ಎಂದದ್ದು ನಾನು ಕೇಳಿಲ್ಲ. ಅವಳು ಬರೆದು ತಂದ ಪುಟಗಳನ್ನು ಮೆಟ್ಟಿಲ ಮೇಲೇ ನಿಲ್ಲಿಸಿ ಓದಿಸುತ್ತಿದ್ದರು, ಅವಳ ಉಚ್ಚಾರವನ್ನು ಹಾಗೇ ಅಣಕಿಸಿ, "ಇದು ಇಂಗ್ಲಿಷ್ ಅಲ್ಲಮ್ಮ, ಲಗ್ಗೆರೆ" ಎನ್ನುತ್ತಿದ್ದರು. ಒಂದು ಬಿಸಿಲ ದಿನ ನಾನು ಅವಳಿಗೆ ಒಂದು ಲೋಟ ಕಾಫಿ, ಎರಡು ಚಕ್ಕುಲಿ ಕೊಟ್ಟೆ. ಮೇಲಿಂದ ಮೇಡಂ ಧ್ವನಿ ಬಂತು.

"ಜಾಸ್ತಿ ನೀರು ಹಾಕಬೇಡಿ ಅಕ್ಕಾ. ಬೇರು ಮೇಲಕ್ಕೆ ಬಂದ್ಬಿಡುತ್ತೆ."

ಹುಡುಗಿ ಚಕ್ಕುಲಿಯನ್ನು ತಟ್ಟೆಗೆ ವಾಪಸ್ ಇಟ್ಟಳು. ನಾನು ನಕ್ಕೆ ಎಂದು ನೆನಪು. ಮಾತು ಅಷ್ಟು ಚೆನ್ನಾಗಿತ್ತು.

ಆ ಬೇಸಿಗೆಗೆ ಅವಳ ಥೀಸಿಸ್ ಮುಗಿಯಬೇಕಿತ್ತು. ಕೆಂಗೇರಿಯ ಒಂದು ಕಾಲೇಜಿನವರು ಅವಳಿಗೆ ಲೆಕ್ಚರರ್ ಕೆಲಸ ಕೊಡಲು ಒಪ್ಪಿದ್ದರು. ಕಾಲೇಜು ತೆರೆಯುವ ಮುಂಚೆ ಥೀಸಿಸ್ ಸಬ್ಮಿಟ್ ಆಗಿರಬೇಕು, ಗೈಡ್ ಸಹಿ ಇರಬೇಕು, ಅಷ್ಟೇ ಷರತ್ತು. ಒಂದೇ ಒಂದು ಪ್ರಯೋಗ ಬಾಕಿಯಿತ್ತು. ಎಲ್ಲ ಟ್ರೇಗಳಿಗೂ ನೀರು ನಿಲ್ಲಿಸಿ, ಎಲೆ ಸುರುಳಿ ಸುತ್ತುವ ತನಕ ಬಿಟ್ಟು, ಮೊದಲೇ ಗೊತ್ತುಮಾಡಿದ ದಿನ ಬೆಳಿಗ್ಗೆ ಮತ್ತೆ ನೀರು ಕೊಡುವುದು. ಮೊದಲೇ ಪೆಟ್ಟು ತಿಂದವು ಏಳುತ್ತವೆಯೋ, ಸುಖದವು ಏಳುತ್ತವೆಯೋ ನೋಡುವುದು. "ಇದೊಂದು ಆದ್ರೆ ಮುಗೀತು ಆಂಟಿ. ಫಸ್ಟ್ ಸ್ಯಾಲರೀಲಿ ನಿಮಗೊಂದು ಸೀರೆ" ಎಂದಿದ್ದಳು. ಅಪ್ಪನನ್ನು ಪ್ರೆಸ್ಸಿನ ಕೆಲಸ ಬಿಡಿಸಬೇಕು ಎಂದಿದ್ದಳು.

ನೀರು ಕೊಡಬೇಕಾದ ದಿನದ ಹಿಂದಿನ ಸಂಜೆ ಅವಳ ಅಪ್ಪನ ಬಲಗೈ ಪ್ರೆಸ್ಸಿನೊಳಗೆ ಹೋಯಿತು.

ಬೆಳಿಗ್ಗೆ ನನಗೆ ಅವಳ ಫೋನ್ ಬಂತು. ಹಿಂದೆ ಆಸ್ಪತ್ರೆಯ ಗದ್ದಲ. "ಆಂಟಿ, ಮೇಡಂ ಫೋನ್ ತೆಗೀತಾ ಇಲ್ಲ. ಅಪ್ಪನ್ನ ಆಪರೇಷನ್‌ಗೆ ಕರ್ಕೊಂಡು ಹೋದ್ರು. ಟೆರೇಸಲ್ಲಿ ನೀಲಿ ಕ್ಯಾನ್ ಇದೆ, ಗೆರೆ ಹಾಕಿದೀನಿ. ಒಂದೊಂದು ಟ್ರೇಗೆ ಆ ಗೆರೆ ತನಕ ನೀರು ಹಾಕ್ತೀರಾ? ಇವತ್ತು ಹಾಕ್ಲಿಲ್ಲ ಅಂದ್ರೆ ಸತ್ತೋಗುತ್ತೆ ಆಂಟಿ. ಪ್ಲೀಸ್."

ನಾನು ಸೆರಗು ಸಿಕ್ಕಿಸಿಕೊಂಡು ಹತ್ತಿದೆ. ಮೇಡಂ ಆಗಲೇ ಅಲ್ಲಿದ್ದರು, ಸ್ಟೂಲ್ ಹಾಕಿಕೊಂಡು, ಟ್ರೇಗಳ ಮುಂದೆ, ಐಸಿಯು ಹೊರಗೆ ಕೂತವರ ಹಾಗೆ. ಸಸಿಗಳು ಸೂಜಿಯಂತೆ ಸುತ್ತಿಕೊಂಡಿದ್ದವು. ನಾನು ಕ್ಯಾನ್ ತುಂಬಿಸಿ ತಂದೆ. ಅವರು ಎದ್ದು ಅದನ್ನು ನನ್ನ ಕೈಯಿಂದ ಮೃದುವಾಗಿಯೇ ತೆಗೆದುಕೊಂಡರು. ನೀರನ್ನು ನನ್ನ ಕರಿಬೇವಿನ ಕುಂಡಕ್ಕೆ ಸುರಿದರು.

"ಮುಟ್ಟಬೇಡಿ ಅಕ್ಕಾ. ಡೇಟಾ ಹಾಳಾಗುತ್ತೆ."

"ಅವಳಪ್ಪನ ಕೈ ಹೋಗಿದೆ ಮೇಡಂ! ಆ ಮಗು ಆಸ್ಪತ್ರೆಯಿಂದ ಫೋನ್ ಮಾಡಿದ್ದಾಳೆ."

"ಗೊತ್ತು. ಮೆಸೇಜ್ ನೋಡಿದೆ."

"ಮತ್ತೆ? ನೀವಾದ್ರೂ ಹಾಕಿ."

"ಅವಳ ಪ್ರಯೋಗ, ಅವಳೇ ಹಾಕ್ಬೇಕು."

"ಇದು ನನ್ನ ಟೆರೇಸ್!" ಎಂದೆ. ನನ್ನ ಧ್ವನಿ ಕೀರಲಾಯಿತು.

"ಟೆರೇಸ್ ನಿಮ್ದು. ರಾಗಿ ನಮ್ದು."

ಜಗಳಕ್ಕೇ ನಿಂತೆ. ಕೆಲಸ ಹೋಗುತ್ತದೆ, ವರ್ಷ ಹೋಗುತ್ತದೆ ಎಂದೆ. ಮೇಡಂ ಎಲೆಯೊಂದನ್ನು ಬೆರಳ ತುದಿಯಲ್ಲಿ ಎತ್ತಿ ನೋಡುತ್ತ, "ಹೋಗ್ಲಿ. ಆ ಕಾಲೇಜಲ್ಲಿ ಕೂತ್ರೆ ಅವಳು ಜೀವನಪೂರ್ತಿ ನೋಟ್ಸ್ ಓದಿಸ್ಕೊಂಡು ಕೂತೇ ಇರ್ತಾಳೆ. ನನ್ನ ಕೈಯಲ್ಲಿ ಬಂದ ಮಕ್ಕಳಲ್ಲಿ ನಿಜವಾದ ಸೈಂಟಿಸ್ಟ್ ಅಂದ್ರೆ ಇವಳೊಬ್ಬಳೇ. ಇನ್ನೊಂದು ವರ್ಷ ಬೇಕು ನನಗೆ ಅವಳು" ಎಂದರು.

ಅದು ಹೊಗಳಿಕೆ ಎಂದು ನನಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು. ಆ ಹುಡುಗಿ ಆ ಮಾತನ್ನು ಎಂದೂ ಕೇಳಲಿಲ್ಲ.

"ಗೆಣ್ಣು ಕಟ್ಟಿದ ಮೇಲೆ ಕೊರಡು ಹೊಡೀಬಾರದು ಅಂತ ನಿಮ್ಮಪ್ಪ ಹೇಳ್ತಿದ್ರು ಅಂದ್ರಲ್ಲ?"

ಮೇಡಂ ಮೊದಲ ಸಲ ನನ್ನನ್ನು ನೇರವಾಗಿ ನೋಡಿದರು. ಅವರ ಊರಿನ ಮಾತು ಬಾಯಿಗೆ ಬಂತು. "ಆಕೀದು ಇನ್ನಾ ಗೆಣ್ಣು ಕಟ್ಟಿಲ್ಲ ತಗೀರಿ."

ಮಧ್ಯಾಹ್ನ ನಾನು ಮತ್ತೆ ಕ್ಯಾನ್ ಹಿಡಿದು ಹೋದೆ. ಟೆರೇಸಿನ ಬಾಗಿಲಿಗೆ ಹೊಸ ಬೀಗ ಬಿದ್ದಿತ್ತು. ನನ್ನ ಮನೆಯ ಬಾಗಿಲಿಗೆ ಬಾಡಿಗೆಯವರ ಬೀಗ! ನಮ್ಮವರು ಮೇಡಂ ಮನೆಯ ಬಾಗಿಲು ಬಡಿದರು, ಕೂಗಿದರು, ಮನೆ ಖಾಲಿ ಮಾಡಿ ಎಂದೂ ಅಂದರು. ಏಪ್ರಿಲ್ ಬಿಸಿಲು. ಮೇಲೆ ಪಾಲಿಥೀನ್ ಚಪ್ಪರ ಪಟಪಟ ಎನ್ನುತ್ತಿದ್ದುದು ಮಾತ್ರ ಕೇಳಿಸುತ್ತಿತ್ತು.

ಹುಡುಗಿ ಬಂದದ್ದು ಅಪ್ಪನನ್ನು ವಾರ್ಡಿಗೆ ತಂದ ಮೇಲೆ. ಬಾಗಿಲು ಈಗ ತೆರೆದಿತ್ತು. ಟ್ರೇಗಳ ತುಂಬ ಬಿಳಿಚಿದ ಹುಲ್ಲು. ಪೆಟ್ಟು ತಿಂದವು, ಸುಖದವು, ಎಲ್ಲ ಒಂದೇ. ಅವಳು ಒಂದು ಟ್ರೇ ಮೇಲೆ ಅಂಗೈ ಆಡಿಸಿದಳು. ಹಪ್ಪಳ ಮುರಿದಂತೆ ಸದ್ದಾಯಿತು. ಮೇಡಂ ಬಾಗಿಲಿಗೆ ಒರಗಿ ನಿಂತಿದ್ದರು.

"ಅಕ್ಕಾ ನೀರು ಹಾಕೋಕೆ ಬಂದಿದ್ರು. ನಾನೇ ಬೇಡ ಅಂದೆ, ಮುಟ್ಟಬೇಡಿ, ಡೇಟಾ ಹಾಳಾಗುತ್ತೆ ಅಂತ. ಏನೀಗ? ರಾಗಿ ತಾನೇ. ಮತ್ತೆ ಬಿತ್ತಬಹುದು."

ಹುಡುಗಿ ಏನಾದರೂ ಅನ್ನಲಿ ಎಂದು ನಾನು ಕಾದೆ. ಬೈಯಲಿ, ಅಳಲಿ, ಆ ಟ್ರೇ ಎತ್ತಿ ಬೀದಿಗೆ ಎಸೆಯಲಿ… "ಸರಿ ಮೇಡಂ" ಎಂದಳು. ಅಷ್ಟೇ. ಅವಳಪ್ಪ ಹೇಗಿದ್ದಾರೆ ಎಂದು ಮೇಡಂ ಕೇಳಲಿಲ್ಲ. ಮೆಟ್ಟಿಲಿಳಿಯುವಾಗ ನಾನು ಕೇಳಿದೆ. "ಹೆಬ್ಬೆಟ್ಟು ಉಳೀತು ಆಂಟಿ" ಎಂದಳು, ಒಳ್ಳೆಯ ಸುದ್ದಿ ಹೇಳುವವಳ ಹಾಗೆ.

ಆ ದಿನವೇ ಮಣ್ಣು ಸಡಿಲ ಮಾಡಿ ಮತ್ತೆ ಬಿತ್ತಿದಳು. ಕೆಂಗೇರಿಯ ಕೆಲಸ ಬೇರೆ ಯಾರಿಗೋ ಹೋಯಿತು. ಅಪ್ಪ ಮನೆಯಲ್ಲಿ ಕೂತರು, ಇವಳು ಸಂಜೆ ಮಾರೇನಹಳ್ಳಿಯಲ್ಲಿ ಮನೆಪಾಠಕ್ಕೆ ಹೋಗತೊಡಗಿದಳು. ಟೆರೇಸಿಗೆ ಮಾತ್ರ ತಪ್ಪದೆ ಬಂದಳು. ಅಪ್ಪನ ಜೋಕುಗಳು ನಿಂತವು. ಕಾಫಿ ಕೊಟ್ಟರೆ, "ಬೇಡ ಆಂಟಿ, ಅಭ್ಯಾಸ ಆಗುತ್ತೆ." ಸಸಿಗಳ ಮೇಲೆ ರೂಲರ್ ಒತ್ತುವಾಗ ಮೊದಲು ಅವಳ ಕೈ ಮಗುವಿಗೆ ಎಣ್ಣೆ ಹಚ್ಚುವವರ ಕೈಯಂತಿತ್ತು. ಈಗ ಚಪಾತಿ ಲಟ್ಟಿಸುವ ಕೈಯಾಗಿತ್ತು.

ಮಾರನೆಯ ವರ್ಷ ಡಿಗ್ರಿ ಬಂತು. ಥೀಸಿಸ್ ಬಹಳ ಚೆನ್ನಾಗಿದೆ ಎಂದು ಹೊರಗಿನವರೂ ಹೇಳಿದರಂತೆ. ಮೇಡಂ ಅಂದು ನನ್ನ ಅಡುಗೆಮನೆಗೆ ಬಂದು, ಬಾಡಿಗೆಗೆ ಬಂದ ಮೇಲೆ ಮೊದಲ ಸಲ ಸಕ್ಕರೆ ಹಾಕಿದ ಕಾಫಿ ಕೇಳಿದರು. "ನೋಡಿದ್ರಾ? ಎದ್ಲು." ಬಾಯಿಯ ಒಂದೇ ಕೊನೆ ಮೇಲೆ ಹೋಗುವ ನಗು ಅವರದು. ಮಲಗಿಸಿದ ರಾಗಿ ಬೆಳಿಗ್ಗೆ ಎದ್ದು ನಿಂತದ್ದನ್ನು ಕಂಡಾಗ ಮಾತ್ರ ಬರುತ್ತಿದ್ದ ನಗು.

ನಾನು ಆಗಲೂ ಅವರ ಜೊತೆ ಕಾಫಿ ಕುಡಿದೆ. ಜಗಳವಾಡಿ, ಮಾತು ಬಿಟ್ಟು, ಮತ್ತೆ ಕುಡಿದೆ. ನಮ್ಮವರು ಹೋದ ಮೇಲೆ ತಿಂಗಳಾನುಗಟ್ಟಲೆ ನಾನು ಹಾಸಿಗೆ ಬಿಟ್ಟೇಳದೆ ಇದ್ದಾಗ, ಬೆಳಿಗ್ಗೆ ಇಳಿದು ಬಂದು ಹೊದಿಕೆ ಎಳೆದು ಹಾಕಿ, "ಗೆಟ್ ಅಪ್. ನಿಮ್ಮ ಗಂಡ ಸತ್ತಿದ್ದು, ನೀವಲ್ಲ" ಎಂದವರು ಅವರೊಬ್ಬರೇ. ಬೇರೆಯವರೆಲ್ಲ ನನ್ನ ತಲೆ ನೇವರಿಸಿದರು. ನಾನು ಎದ್ದದ್ದು ಆ ಹೊದಿಕೆಯ ಸಿಟ್ಟಿಗೆ. ಹೀಗೆ ಬರೆದರೆ ನಾನು ಅವರ ಪಕ್ಷ ವಹಿಸಿದಂತಾಗುತ್ತದೇನೋ. ಆಗಲಿ.

ಹುಡುಗಿ ಬೇರೆ ಊರಿನ ಕಾಲೇಜಿಗೆ ಸೇರಿದಳು. ಆಮೇಲೆ ತಾನೂ ಗೈಡ್ ಆದಳು ಎಂದು ಕೇಳಿದೆ. ಮೇಡಂ ರಿಟೈರ್ ಆಗಿ, ಟ್ರೇಗಳನ್ನು ಗುಜರಿಗೆ ಹಾಕಿ, ಪಾಲಿಥೀನ್ ಮಡಿಸಿಟ್ಟರು. ಒಂದು ಬೆಳಿಗ್ಗೆ ಬಾತ್‌ರೂಮಿನಲ್ಲಿ ಸ್ಟ್ರೋಕ್ ಆಗಿ ಬಿದ್ದರು. ಬಲಗಡೆ ಪೂರ್ತಿ ಹೋಯಿತು, ಮಾತೂ ಹೋಯಿತು. ನೋಡಿಕೊಳ್ಳಲು ಹಗಲು ಒಬ್ಬ ನರ್ಸಮ್ಮ. ಉಳಿದ ಹೊತ್ತು ನಾನು. ಆ ನಾಲಿಗೆ ಸುಮ್ಮನೆ ಬಾಯೊಳಗೆ ಬಿದ್ದಿರುವುದನ್ನು ನೋಡಲು ಆಗುತ್ತಿರಲಿಲ್ಲ…

ವಿಷಯ ತಿಳಿದು ಹುಡುಗಿ ಬಂದಳು. ಹುಡುಗಿ ಏನು, ಹೆಂಗಸು. ಗಂಜಿ ಹಾಕಿದ ಕಾಟನ್ ಸೀರೆ. ವಾಚು ಮಣಿಕಟ್ಟಿನ ಒಳಗಡೆ. ಮೋಸಂಬಿ ಚೀಲವನ್ನು ಕಿಟಕಿಯಲ್ಲಿಟ್ಟು, ಮಂಚದ ಪಕ್ಕ ಕುರ್ಚಿ ಎಳೆದುಕೊಂಡು, ಕೂರು ಎಂದು ಯಾರೂ ಹೇಳುವ ಮುಂಚೆ ಕೂತಳು.

"ಹೇಗಿದೀರಾ ಮೇಡಂ?"

ಮೇಡಂ ಕಣ್ಣು ಅವಳ ಸೀರೆ ಅಂಚಿನಿಂದ ವಾಚಿಗೆ ಬಂತು, ಅಲ್ಲಿಂದ ಹೂಜಿಯ ಕಡೆ ಹೋಯಿತು. ನೀರು ಬೇಕಿತ್ತು. ನರ್ಸಮ್ಮ ಮಾತ್ರೆ ತರಲು ಮೆಡಿಕಲ್ ಶಾಪಿಗೆ ಹೋಗಿದ್ದಳು. ನಾನು ಏಳುವಷ್ಟರಲ್ಲಿ ಹುಡುಗಿ ಎದ್ದು ಲೋಟಕ್ಕೆ ನೀರು ಬಗ್ಗಿಸಿದಳು. ಟೀಪಾಯನ್ನು ಮಂಚದ ಎಡಕ್ಕೆ ತಂದು, ಲೋಟವನ್ನು ಅದರ ಮೇಲಿಟ್ಟಳು. ಮೇಡಂ ಕೈ ಚಾಚಿದರೆ ಒಂದು ಗೇಣು ಸಾಲದಷ್ಟು ದೂರದಲ್ಲಿ.

"ಎಡಗೈಗೆ ಎಕ್ಸರ್‌ಸೈಜ್ ಬೇಕು ಅಂದಿದಾರಂತಲ್ಲ ಡಾಕ್ಟ್ರು. ತಗೊಳ್ಳಿ ಮೇಡಂ."

ಮೇಡಂ ಕೈ ಹಾಸಿಗೆಯ ಮೇಲೆ ಸರಿಯತೊಡಗಿತು. ಒಂದೊಂದು ಬೆರಳೂ ಬೇರೆ ಬೇರೆ ಹೊರಟಂತೆ. ನಾನು ಎದ್ದೆ.

"ಮುಟ್ಟಬೇಡಿ ಆಂಟಿ" ಎಂದಳು ಹುಡುಗಿ. ನಗುತ್ತಿದ್ದಳು. ಆ ಹಲ್ಲಿನ ಮೇಲಿನ ಹಲ್ಲು ಹಾಗೇ ಇತ್ತು. "ಡೇಟಾ ಹಾಳಾಗುತ್ತೆ."

ಕೈ ಟೀಪಾಯಿ ತಲುಪಿತು. ಮೇಡಂ ಇಡೀ ಎಡಮೈಯನ್ನು ಎಳೆದು ಇನ್ನಷ್ಟು ಮುಂದೆ ಬಂದರು. ಹಣೆಯಲ್ಲಿ ಬೆವರು. ಮಧ್ಯದ ಬೆರಳು ಲೋಟಕ್ಕೆ ತಾಗಿತು, ಲೋಟ ಅಲುಗಿತು, ಬಿತ್ತು. ನೀರು ಹಾಸಿಗೆಯ ಅಂಚಿಗೆ, ನೆಲಕ್ಕೆ. ಹುಡುಗಿ ಬಟ್ಟೆ ತಂದು ಅಚ್ಚುಕಟ್ಟಾಗಿ ಒರೆಸಿದಳು. ಮತ್ತೆ ಲೋಟ ತುಂಬಿದಳು. ಅದೇ ಜಾಗದಲ್ಲಿಟ್ಟಳು.

"ಏನೀಗ? ನೀರು ತಾನೇ ಮೇಡಂ. ಮತ್ತೆ ತುಂಬಬಹುದು."

ಆಗ ನಾನು ಕಂಡೆ. ಮೇಡಂ ಬಾಯಿಯ ಎಡಕೊನೆ ಮೇಲೆ ಹೋಗಿತ್ತು. ಸ್ಟ್ರೋಕ್ ಆದವರ ಮುಖ ಒಂದು ಕಡೆ ಎಳೆದುಕೊಳ್ಳುತ್ತದೆ ಎಂದು ಡಾಕ್ಟರು ಹೇಳಿದ್ದರು, ಅದಿರಬಹುದು. ಆದರೆ ಕಣ್ಣು? ಆ ಕಣ್ಣನ್ನು ನಾನು ಟೆರೇಸಿನಲ್ಲಿ ನೋಡಿದ್ದೆ.

ನನಗೆ ತಡೆಯಲಾಗಲಿಲ್ಲ. ಲೋಟ ಎತ್ತಿ, ಮೇಡಂ ತಲೆಗೆ ಕೈ ಕೊಟ್ಟು, ತುಟಿಗೆ ಹಿಡಿದೆ. ಅವರು ತುಟಿ ಬಿಗಿದುಕೊಂಡರು. ನೀರು ಗದ್ದದ ಮೇಲೆ ಹರಿದು ಕುತ್ತಿಗೆಗೆ ಹೋಯಿತು. ತಲೆ ಕೊಡವಿ ನನ್ನ ಕೈ ಬಿಡಿಸಿಕೊಂಡು, ಲೋಟವಿಲ್ಲದ ಆ ಟೀಪಾಯಿಯ ಕಡೆಗೇ ಮತ್ತೆ ಕೈ ಚಾಚಿದರು.

ಹುಡುಗಿಯ ನಗು ಅಲ್ಲಿಗೆ ನಿಂತಿತು. ತನ್ನ ಹೆಗಲ ಬ್ಯಾಗ್ ಎತ್ತಿಕೊಂಡು ಕೆಳಗೆ ಬಂದಳು. ನಾನೂ ಹಿಂದೆ ಬಂದೆ. ಬಾಗಿಲಲ್ಲಿ ಚಪ್ಪಲಿಯ ಪಟ್ಟಿ ಹಾಕಿಕೊಳ್ಳಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಬಗ್ಗಿಕೊಂಡೇ ಕೇಳಿದಳು.

"ಕುಡಿದ್ರಾ?"

"ಇಲ್ಲ."

"ನಾಳೆ ಕುಡೀತಾರೆ" ಎಂದಳು. ಮುಖ ಎತ್ತಲಿಲ್ಲ. ಗೇಟು ಹಾಕಿದ ಸದ್ದು ಬಂತು. ಮತ್ತೆ ಅವಳು ನಮ್ಮ ರಸ್ತೆಗೆ ಬರಲಿಲ್ಲ, ಮಳೆಗಾಲಕ್ಕೆ ಮುಂಚೆ ಮೇಡಂ ಹೋದಾಗಲೂ. ಅವಳು ಬಂದುಹೋದ ಸಂಜೆಯೇ ನರ್ಸಮ್ಮ ಚಮಚದಲ್ಲಿ ನೀರು ಕೊಟ್ಟಳು, ಮೇಡಂ ಕುಡಿದರು. ಅದನ್ನು ಆ ಹುಡುಗಿಗೆ ಫೋನ್ ಮಾಡಿ ಹೇಳಬೇಕೆಂದುಕೊಂಡೆ. ಹೇಳುವುದು ಹೆಚ್ಚು ಕ್ರೂರವೋ, ಹೇಳದಿರುವುದೋ ಎಂದು ತಿಳಿಯದೆ ಬಿಟ್ಟೆ…

ಮನೆ ಖಾಲಿ ಮಾಡಲು ಬಂದ ಅವರ ಅಣ್ಣನ ಮಗ ಪುಸ್ತಕಗಳನ್ನೆಲ್ಲ ಆಟೋಗೆ ಹಾಕಿ, ಆ ಉರುಟು ರೂಲರನ್ನು, "ಇದು ನಿಮ್ದಾ ಆಂಟಿ?" ಎಂದು ಕೊಟ್ಟುಹೋದ. ಹೌದು ಎಂದೆ.

ಮಾಲ್ಟಿಗೆ ಬಾರದ ಮೊಳಕೆಯನ್ನು ನಾನು ಬಿಸಾಡಲಿಲ್ಲ. ಟೆರೇಸಿನ ಮೂಲೆಯಲ್ಲಿದ್ದ ಒಡಕು ಬೇಸಿನ್‌ಗೆ ಮಣ್ಣು ತುಂಬಿ ಹರಡಿದೆ. ಅರ್ಧ ಕೊಳೆಯಿತು, ಅರ್ಧ ಹಿಡಿಯಿತು. ಬೆರಳುದ್ದ ಆದ ಮೇಲೆ, ಒಂದು ಬೆಳಿಗ್ಗೆ ರೂಲರ್ ತೆಗೆದುಕೊಂಡು ಹೋದೆ. ಮಂಡಿ ಊರಲು ಆಗುವುದಿಲ್ಲ. ಸ್ಟೂಲ್ ಹಾಕಿಕೊಂಡು ಕೂತು ಅದನ್ನು ಸಸಿಗಳ ಮೇಲೆ ಉರುಳಿಸಿದೆ. ಎಳೆಯ ದಂಟುಗಳು ಮರದ ಕೆಳಗೆ ಬಾಗುವುದು ಕೈಗೆ ಗೊತ್ತಾಗುತ್ತದೆ. ಹಿತವಾಗಿತ್ತು ಎಂದು ಬರೆಯಲು ನಾಚಿಕೆಯಾಗುತ್ತದೆ. ಆದರೆ ಹಿತವಾಗಿತ್ತು.

ಮಾರನೆಯ ಬೆಳಿಗ್ಗೆ ಹತ್ತಿ ಹೋಗಿ ನೋಡಿದರೆ ಸುಮಾರು ಎಲ್ಲವೂ ತಲೆ ಎತ್ತಿದ್ದವು. ಯಾರಿಗಾದರೂ ಹೇಳಬೇಕೆನಿಸಿ ತಿರುಗಿದೆ. ಮಹಡಿಯಲ್ಲಿ ಈಗಿರುವವರು ಒಳ್ಳೆಯವರು, ನನ್ನನ್ನು ಕಂಡರೆ ಅಜ್ಜಿ ಎನ್ನುತ್ತಾರೆ, ಹುಷಾರಾಗಿ ಇಳೀರಿ ಎನ್ನುತ್ತಾರೆ. ಅವರಿಗೆ ಇದನ್ನು ಹೇಗೆ ಹೇಳುವುದು?

ಬೇಸಿನ್ನಿನ ಒಂದು ಬದಿಯಲ್ಲಿ ಕೆಲವು ಮಲಗಿಯೇ ಇದ್ದವು. ನೀರು ಹಾಕಿದೆ. ಕಡ್ಡಿ ಊರಿ ನಿಲ್ಲಿಸಲು ನೋಡಿದೆ, ಬುಡದಲ್ಲೇ ಮುರಿದಿದ್ದವು. ಮೇಡಂ ಇದ್ದಿದ್ದರೆ ಕಾಫಿ ಲೋಟ ಕೆಳಗಿಡದೆ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು. ಅವುಗಳನ್ನು ಹಾಗೆ ಕರೆಯಲು ಈಗ ಈ ಮನೆಯಲ್ಲಿ ಯಾರೂ ಇಲ್ಲ. ಬಿಸಿಲೇರುವ ತನಕ ಕಾದೆ.

ಕೊನೆಗೆ ನಾನೇ ಅಂದೆ, ಜೋರಾಗಿ, ಅವರ ಇಂಗ್ಲಿಷಿನಲ್ಲಿ: "ಮ್ಯಾನ್ಯೂರ್."